ಕಣವಾಗದಿರಲಿ ಕಾಡು



ಸಿರಿಗೆರೆಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹಿರಿಯರನ್ನು ಯಾರನ್ನಾದರೂ ಕೇಳಿ, ಕಣ ಮಾಡುವುದು ಹೇಗೆ ಎಂದು. ತಡವರಿಸದೆ ಹೇಳುತ್ತಾರೆ. ಸುಗ್ಗಿಗೆ ಮುಂಚೆ ಹೊಲದ ಒಂದು ಮಗ್ಗುಲಲ್ಲಿ ಹುಲ್ಲು ಕೆತ್ತಿ, ಕಲ್ಲು ಆಯ್ದು, ನೆಲ ಸಮ ಮಾಡಬೇಕು. ಕೊಡಗಟ್ಟಲೆ ನೀರು ಚಿಮುಕಿಸಬೇಕು. ಮಣ್ಣು ಕಾಲಿಗೆ ಅಂಟಲೂ ಬಾರದು, ಪುಡಿಪುಡಿಯಾಗಿ ಹಾರಲೂ ಬಾರದು. ಆ ಹದ ನೋಡಿ ಎತ್ತು ಕಟ್ಟಿ ತುಳಿಸಬೇಕು, ರೋಣಗಲ್ಲು ಉರುಳಿಸಬೇಕು. ಆಮೇಲೆ ಸಗಣಿ ಸಾರಿಸಿ ಬಿಸಿಲಿಗೆ ಬಿಟ್ಟರೆ ಕಣ ತಯಾರು. ಅದರ ಮೇಲೆ ರಾಗಿಕಾಳು ಬಿದ್ದರೆ ಮಣ್ಣಿಗೆ ಇಳಿಯುವುದಿಲ್ಲ. ನೀರು ಬಿದ್ದರೆ ಹರಿದು ಹೋಗುತ್ತದೆ. ಒಂದು ಹುಲ್ಲುಕಡ್ಡಿಯೂ ಅಲ್ಲಿ ತಲೆ ಎತ್ತುವುದಿಲ್ಲ. ಹಾಗೆ ಆಗಲಿ ಎಂದೇ ಕಣ ಮಾಡುವುದು.

ಮಣ್ಣು ಹೇಗೆ ಬಿಗಿಯುತ್ತದೆ ಎಂಬ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ನೆನೆದ ಮಣ್ಣು, ಅದರ ಮೇಲೆ ಭಾರ, ಆ ಭಾರ ಮತ್ತೆ ಮತ್ತೆ ಅದೇ ಜಾಗದಲ್ಲಿ ಸುತ್ತುವುದು. ಈ ಮೂರು ಸೇರಿದರೆ ನೆಲ ಕಣವಾಗುತ್ತದೆ. ಹೊಲದ ಮೂಲೆಯಲ್ಲಿ ಬೇಕೆಂದೇ ಮಾಡುವ ಈ ಕೆಲಸ ನಮಗೆ ಗೊತ್ತಿಲ್ಲದಂತೆ ನಮ್ಮ ಗುಡ್ಡಗಳಲ್ಲಿ, ಗೋಮಾಳಗಳಲ್ಲಿ, ಅರಣ್ಯ ಇಲಾಖೆ ಬೆಳೆಸುವ ನೆಡುತೋಪುಗಳಲ್ಲಿ ನಡೆಯುತ್ತಿದೆ. ಮೇಲೆ ಗಿಡ ನೆಡುತ್ತೇವೆ, ಕೆಳಗೆ ನೆಲ ಕಣವಾಗಿರುತ್ತದೆ. ಇಂದಿನ ನನ್ನ ಮಾತು ಅದರ ಬಗ್ಗೆ.

ಇದನ್ನು ನಾನು ಪುಸ್ತಕದಿಂದ ಮೊದಲು ಕಲಿತವನಲ್ಲ. ಮೇಷ್ಟ್ರ ಕೆಲಸದಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಊರಾಚೆಯ ಒಂದು ಇಳಿಜಾರಿನಲ್ಲಿ ಹುಣಸೆ, ಹೊಂಗೆ, ಬೇವು ನೆಡಿಸಿದ್ದೆ. ಇಳಿಜಾರಿನ ಮೇಲರ್ಧ ಕಾರೆ, ಬಂದರೆ, ತುಗ್ಗಲಿ ಗಿಡಗಳಿದ್ದ ಕುರುಚಲು. ಕೆಳಗಿನರ್ಧ ಬಯಲು. ಕೆರೆಯ ಹೂಳು ಹೊರುವ ಟ್ರ್ಯಾಕ್ಟರುಗಳು ಎರಡು ಬೇಸಿಗೆ ಅಲ್ಲಿಂದಲೇ ಓಡಾಡಿದ್ದವು. ಬಯಲು ಸಮತಟ್ಟಾಗಿದೆ, ಗುಣಿ ತೋಡಲು ಅನುಕೂಲ ಎಂದುಕೊಂಡೆ. ಒಂದೇ ದಿನ ನೆಟ್ಟೆವು, ಒಂದೇ ನೀರು ಹಾಕಿದೆವು, ಒಂದೇ ಬೇಲಿ ಕಟ್ಟಿದೆವು. ಮೂರು ವರ್ಷ ಕಳೆಯುವ ಹೊತ್ತಿಗೆ ಮೇಲಿನ ಗಿಡಗಳು ಮಕ್ಕಳ ತಲೆ ದಾಟಿದ್ದವು. ಕೆಳಗಿನವು ಮೊಣಕಾಲೆತ್ತರದಲ್ಲೇ ನಿಂತಿದ್ದವು, ಅರ್ಧಕ್ಕರ್ಧ ಒಣಗಿಯೂ ಹೋಗಿದ್ದವು.

ಗೆದ್ದಲು ಹಿಡಿದಿರಬೇಕು, ಆಡು ಮೇದಿರಬೇಕು ಎಂದೆಲ್ಲ ಲೆಕ್ಕ ಹಾಕುತ್ತಿದ್ದಾಗ ಕುರಿ ಮೇಯಿಸುವ ಅಜ್ಜನೊಬ್ಬ ಬಂದು ನಿಂತ. ಕೈಯಲ್ಲಿದ್ದ ಕೋಲನ್ನು ಕೆಳಗಿನ ಬಯಲಿನಲ್ಲಿ ಊರಿದ. ಅದು ಟಣ್ಣೆಂದು ನಿಂತಿತು. ನಾಲ್ಕು ಮಾರು ಮೇಲೆ ಹೋಗಿ ಗಿಡಗಳ ನಡುವೆ ಊರಿದ. ಅರ್ಧ ಗೇಣು ಇಳಿಯಿತು. "ಮೇಷ್ಟ್ರೇ, ಅಲ್ಲಿ ಗಿಡ ನೆಟ್ಟೀರಿ, ಇಲ್ಲಿ ಕಣದಾಗೆ ನೆಟ್ಟೀರಿ. ಕಣದಾಗೆ ಬೇರು ಎಲ್ಲಿಗ್ ಹೋಗ್ಬೇಕು ಹೇಳ್ರಿ" ಅಂದ.

ಒಣಗಿದ ಒಂದು ಹುಣಸೆ ಗಿಡವನ್ನು ಮಕ್ಕಳೆದುರಿಗೇ ಅಗೆದು ತೆಗೆದೆವು. ಹುಣಸೆಯ ತಾಯಿಬೇರು ನೇರ ಕೆಳಗಿಳಿಯಬೇಕು. ಇದರ ಬೇರು ಗುಣಿಯ ತಳ ಮುಟ್ಟಿ, ಅಲ್ಲಿಂದ ಪಕ್ಕಕ್ಕೆ ತಿರುಗಿ, ಗುಣಿಯ ಗೋಡೆಗುಂಟ ಸುತ್ತಿ ಸುತ್ತಿ, ಕೊಡ ಹೊರುವ ಹೆಂಗಸರ ತಲೆಯ ಸಿಂಬೆಯಂತೆ ಆಗಿತ್ತು. ಗುಣಿ ತೋಡಿದ್ದೆವು ನಿಜ. ಆದರೆ ಆ ಗಿಡದ ಪಾಲಿಗೆ ಅದು ಕಲ್ಲುಚಟ್ಟಿಯಾಗಿತ್ತು. ತಪ್ಪು ಮಳೆಯದಲ್ಲ, ಸಸಿಯದಲ್ಲ. ನೆಲ ನೋಡದೆ ನೆಡಿಸಿದ ನನ್ನದು. ಆ ದಿನದಿಂದ ಗಿಡದ ಎಲೆ ನೋಡುವ ಮುಂಚೆ ಬುಡದ ಮಣ್ಣು ಮುಟ್ಟಿ ನೋಡುವುದು ನನಗೆ ಅಭ್ಯಾಸವಾಯಿತು.

ಮಣ್ಣೆಂದರೆ ಗಟ್ಟಿ ವಸ್ತು ಎಂದು ನಾವು ತಿಳಿಯುತ್ತೇವೆ. ಆದರೆ ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮಣ್ಣಿನ ಕಣಗಳು. ಉಳಿದರ್ಧ ಖಾಲಿ ಜಾಗ. ಆ ಖಾಲಿ ಜಾಗದ ದೊಡ್ಡ ತೂತುಗಳಲ್ಲಿ ಗಾಳಿ ಓಡಾಡುತ್ತದೆ, ಸಣ್ಣ ತೂತುಗಳಲ್ಲಿ ನೀರು ಹಿಡಿದು ನಿಲ್ಲುತ್ತದೆ. ಬೇರು ಬದುಕುವುದು ಈ ಖಾಲಿ ಜಾಗದಲ್ಲಿ. ಮನೆಗೆ ಗೋಡೆ ಎಷ್ಟು ಮುಖ್ಯವೋ ಒಳಗಿನ ಅಂಗಳವೂ ಅಷ್ಟೇ ಮುಖ್ಯ ಅಲ್ಲವೇ? ಮಣ್ಣು ಬಿಗಿದರೆ ಗೋಡೆಗಳು ಹಾಗೇ ಇರುತ್ತವೆ, ಅಂಗಳ ಮುಚ್ಚಿಹೋಗುತ್ತದೆ. ಅದರಲ್ಲೂ ಮೊದಲು ಹೋಗುವುದು ದೊಡ್ಡ ತೂತುಗಳು, ಅಂದರೆ ಗಾಳಿಯ ದಾರಿ ಮತ್ತು ಮಳೆನೀರು ಇಳಿಯುವ ದಾರಿ.

ಇದನ್ನು ತೂಕದಲ್ಲಿ ಹೇಳಬಹುದು. ಅರ್ಧ ಖಾಲಿ ಇರುವ ಸಡಿಲ ಮಣ್ಣಿನ ಒಂದು ಘನ ಅಡಿಯನ್ನು ಒಣಗಿಸಿ ತೂಗಿದರೆ ಸುಮಾರು 37 ಕಿಲೋ ಬರುತ್ತದೆ. ಅಷ್ಟೇ ಜಾಗದಲ್ಲಿ ಬಿಗಿದ ಮಣ್ಣು 48 ಕಿಲೋ ತೂಗಬಹುದು. ಹನ್ನೊಂದು ಕಿಲೋ ಮಣ್ಣು ಹೆಚ್ಚಿಗೆ ಬಂದು ಕೂತಿದೆ ಎಂದರೆ ಅಷ್ಟು ಗಾಳಿ, ಅಷ್ಟು ನೀರು ಅಲ್ಲಿಂದ ಎದ್ದುಹೋಗಿದೆ ಎಂದರ್ಥ. ಮಣ್ಣುವಿಜ್ಞಾನಿಗಳು ಇದನ್ನು ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. 1.3 ಗ್ರಾಂ ಆಸುಪಾಸು ಇದ್ದರೆ ಬೇರಿಗೆ ನೆಮ್ಮದಿ. ಜೇಡಿ ಹೆಚ್ಚಿರುವ ಮಣ್ಣಿನಲ್ಲಿ 1.5ರ ಹತ್ತಿರ ಬಂದರೆ ಬೇರಿಗೆ ಕಷ್ಟ ಶುರು. ಮರಳು ಬೆರೆತ ಕೆಂಪು ಮಣ್ಣಿನಲ್ಲಿ 1.7 ದಾಟಿದರೆ ಹೆಚ್ಚಿನ ಗಿಡಗಳ ಬೇರು ಮುಂದೆ ಹೋಗಲು ಹೆಣಗುತ್ತದೆ.

ಇನ್ನು ಬೇರಿನ ಕಡೆಯಿಂದ ನೋಡೋಣ. ಬೇರಿನ ತುದಿ ಸೂಜಿಯಷ್ಟು ಸಣ್ಣದು, ಮೊಳೆಯಷ್ಟು ಗಟ್ಟಿಯಲ್ಲ. ಅದಕ್ಕೊಂದು ಪುಟ್ಟ ಟೋಪಿ ಇರುತ್ತದೆ. ಆ ಟೋಪಿಯಿಂದ ಲೋಳೆ ಒಸರಿ ದಾರಿಯನ್ನು ನುಣುಪು ಮಾಡಿಕೊಳ್ಳುತ್ತದೆ. ಇದ್ದ ತೂತಿನಲ್ಲಿ ತೂರುತ್ತದೆ, ಇಲ್ಲದಿದ್ದರೆ ಮಣ್ಣಿನ ಕಣಗಳನ್ನು ಸರಿಸಿ ದಾರಿ ಮಾಡುತ್ತದೆ. ಸರಿಸುವ ಶಕ್ತಿಗೂ ಒಂದು ಮಿತಿ ಇದೆ. ಕಬ್ಬಿಣದ ಚೂಪುಸರಳನ್ನು ಮಣ್ಣಿಗೆ ಒತ್ತಿ ಅಳೆಯುವ ಉಪಕರಣವೊಂದಿದೆ. ಆ ಸರಳಿಗೆ ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಒತ್ತಡ ಬೇಕಾಗುವಷ್ಟು ಮಣ್ಣು ಬಿಗಿದಿದ್ದರೆ ಬಹಳಷ್ಟು ಗಿಡಗಳ ಬೇರು ಅಲ್ಲಿ ನಿಂತೇ ಹೋಗುತ್ತದೆ. ನಿಲ್ಲುವ ಮುಂಚೆ ದಪ್ಪಗಾಗುತ್ತದೆ, ಗಿಡ್ಡವಾಗುತ್ತದೆ, ಪಕ್ಕಕ್ಕೆ ಕವಲೊಡೆಯುತ್ತದೆ. ಆಳಕ್ಕೆ ಹೋಗಬೇಕಾದದ್ದು ಮೇಲೆ ಮೇಲೆ ಹರಡಿಕೊಳ್ಳುತ್ತದೆ.

ಬೇರಿಗೂ ಉಸಿರು ಬೇಕು ಎಂಬುದನ್ನು ನಾವು ಮರೆಯುತ್ತೇವೆ. ಎಲೆ ಗಾಳಿಯಲ್ಲಿ ಆಡುತ್ತದೆ. ಬೇರಿಗೆ ಮಣ್ಣಿನೊಳಗೆ ಇಳಿದ ಗಾಳಿಯೇ ಗತಿ. ದೊಡ್ಡ ತೂತು ಮುಚ್ಚಿ ಉಳಿದ ಸಣ್ಣ ತೂತುಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಒಳಗೆ ಹೋಗುವ ಬಾಗಿಲೇ ಮುಚ್ಚಿದಂತೆ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಹೀಗಾಗಿ ಬಿಗಿದ ನೆಲದಲ್ಲಿ ಬೇರಿಗೆ ಎರಡು ಕಷ್ಟ ಒಟ್ಟಿಗೇ ಬರುತ್ತವೆ. ಬೇಸಿಗೆಯಲ್ಲಿ ನೆಲ ಕಲ್ಲಾಗಿ ತೂರಲು ಆಗುವುದಿಲ್ಲ, ಮಳೆಗಾಲದಲ್ಲಿ ಮೃದುವಾದರೂ ಉಸಿರು ಕಟ್ಟುತ್ತದೆ.

2021ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಚೀನಾದ ಸಂಗಡಿಗರೊಡನೆ ಸೇರಿ ಇನ್ನೊಂದು ಸಂಗತಿ ತೋರಿಸಿಕೊಟ್ಟರು. ಅವರು ನೋಡಿದ್ದು ಭತ್ತದ ಬೇರನ್ನು. ಬೇರು ತಾನೇ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ನಮ್ಮ ಬಾಳೆಕಾಯಿ ಹಣ್ಣಾಗಲು ಕಾರಣವಾದ ಅನಿಲವೇ ಅದು. ಸಡಿಲ ಮಣ್ಣಿನಲ್ಲಿ ಅದು ಹರಡಿಹೋಗುತ್ತದೆ. ಬಿಗಿದ ಮಣ್ಣಿನಲ್ಲಿ ಹೋಗಲು ದಾರಿಯಿಲ್ಲದೆ ಬೇರಿನ ಸುತ್ತಲೇ ನಿಲ್ಲುತ್ತದೆ. ಹಾಗೆ ನಿಂತ ಅನಿಲವೇ ಬೇರಿಗೆ ಇನ್ನು ಬೆಳೆಯಬೇಡ ಎಂದು ಹೇಳುತ್ತದೆ. ಎಥಿಲೀನಿನ ಮಾತು ಕೇಳಿಸದಂತಹ ಭತ್ತದ ತಳಿಗಳ ಬೇರು ಅದೇ ಬಿಗಿ ಮಣ್ಣನ್ನು ತೂರಿಕೊಂಡು ಹೋಯಿತು. ಅಂದರೆ ಬೇರು ಶಕ್ತಿ ಸಾಲದೆ ಮಾತ್ರ ನಿಲ್ಲುವುದಲ್ಲ. ಇಲ್ಲಿ ಬಾಳ್ವೆಗೆ ಜಾಗವಿಲ್ಲ ಎಂದು ತಿಳಿದೂ ನಿಲ್ಲುತ್ತದೆ.

ಈಗ ನಮ್ಮ ಚಿತ್ರದುರ್ಗ ಜಿಲ್ಲೆಗೆ ಬರೋಣ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಕಾಡು ಮಲೆನಾಡಿನ ಕಾಡಲ್ಲ. ಜಿಲ್ಲೆಯ ವರ್ಷದ ಮಳೆ 600 ಮಿಲಿಮೀಟರಿನ ಆಚೀಚೆ. ಅದರಲ್ಲೂ ದೊಡ್ಡ ಪಾಲು ಬರುವುದು ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಜೋಗಿಮಟ್ಟಿಯಂಥ ಗುಡ್ಡಗಳಲ್ಲಿ ದಿಂಡಿಗ, ಕಮರ, ತುಗ್ಗಲಿ, ಮುತ್ತುಗ, ಸೀತಾಫಲಗಳ ಕುರುಚಲು ಕಾಡು. ಮೇಲ್ಮಣ್ಣು ತೆಳು, ಅದರಡಿ ಗರಸು, ಅದರಡಿ ಕಲ್ಲು. ಇಂಥ ಕಡೆ ಮರವೊಂದು ಏಪ್ರಿಲ್ ತಿಂಗಳನ್ನು ದಾಟಬೇಕಾದರೆ ಅದರ ಬೇರು ಮಳೆಗಾಲದ ಮೂರು ನಾಲ್ಕು ತಿಂಗಳಲ್ಲೇ ಆಳದ ತೇವ ಮುಟ್ಟಿರಬೇಕು. ಮಲೆನಾಡಿನ ಮರ ಮೇಲೆ ಮೇಲೆ ಬೇರು ಹರಡಿಯೂ ಬದುಕೀತು. ಬಯಲುಸೀಮೆಯ ಮರಕ್ಕೆ ಆಳವೇ ಜೀವ. ಆದ್ದರಿಂದ ನೆಲ ಬಿಗಿಯುವ ಕೇಡು ನಮ್ಮಲ್ಲಿ ಬೇರೆಡೆಗಿಂತ ಹೆಚ್ಚು ಕ್ರೂರವಾಗಿ ಕಾಣುತ್ತದೆ.

ನಮ್ಮ ಕಾಡಿನ ನೆಲವನ್ನು ಬಿಗಿಯುವುದು ಯಾವುದು? ಮುಖ್ಯವಾಗಿ ಮೂರು: ಗೊರಸು, ಗಾಲಿ, ಮಳೆಹನಿ.

ಗೊರಸಿನ ಮಾತು ಎತ್ತಿದಾಗ ಕುರಿ ದನ ಸಾಕುವವರು ನೊಂದುಕೊಳ್ಳಬಾರದು. ನಮ್ಮ ಜಿಲ್ಲೆಯ ಬದುಕು ಕುರಿಹಟ್ಟಿಯ ಜೊತೆ, ದನದ ಜೊತೆ ಹೆಣೆದುಕೊಂಡದ್ದು. ಆದರೆ ಲೆಕ್ಕ ಲೆಕ್ಕವೇ. ದನದ ಇಡೀ ಭಾರ ನಾಲ್ಕು ಸಣ್ಣ ಗೊರಸುಗಳ ಮೇಲೆ ನಿಲ್ಲುತ್ತದೆ. ನಡೆಯುವಾಗ ಎರಡು ಮೂರರ ಮೇಲೆ. ಹೀಗಾಗಿ ಗೊರಸಿನಡಿ ಮಣ್ಣಿಗೆ ಬೀಳುವ ಒತ್ತಡ ಟ್ರ್ಯಾಕ್ಟರಿನ ಗಾಲಿಯಡಿ ಬೀಳುವ ಒತ್ತಡಕ್ಕೆ ಕಡಿಮೆಯೇನಲ್ಲ. ಒಂದು ಸಮಾಧಾನವೆಂದರೆ ಈ ಬಿಗಿತ ಆಳಕ್ಕೆ ಹೋಗುವುದಿಲ್ಲ, ಮೇಲಿನ ಒಂದು ಗೇಣಿನ ಒಳಗೇ ಇರುತ್ತದೆ. ಒಂದು ಅಸಮಾಧಾನವೆಂದರೆ ಮೊಳಕೆಯ ಬೇರು ಮೊದಲು ದಾಟಬೇಕಾದದ್ದೂ ಆ ಒಂದು ಗೇಣನ್ನೇ.

ಗಾಲಿಯ ಕಥೆ ಬೇರೆ. ಜೆಸಿಬಿ ಯಂತ್ರ ಒಂದರ ತೂಕ ಏಳೆಂಟು ಟನ್. ತುಂಬಿದ ಟಿಪ್ಪರ್ ಅದರ ಎರಡರಷ್ಟನ್ನೂ ದಾಟುತ್ತದೆ. ಭಾರ ಹೆಚ್ಚಿದಷ್ಟೂ ಬಿಗಿತ ಆಳಕ್ಕೆ ಇಳಿಯುತ್ತದೆ. ಎರಡು ಅಡಿ ಆಳದಲ್ಲಿ ಬಿಗಿದ ಮಣ್ಣನ್ನು ನೇಗಿಲೂ ಮುಟ್ಟುವುದಿಲ್ಲ, ಎರೆಹುಳುವೂ ಬೇಗ ಮುಟ್ಟುವುದಿಲ್ಲ. ಅದು ದಶಕಗಟ್ಟಲೆ ಹಾಗೇ ಉಳಿಯುತ್ತದೆ. ಇನ್ನೊಂದು ಮಾತು ನೆನಪಿಡಬೇಕು. ಹತ್ತು ಸಲ ಓಡಾಡಿದ ಗಾಡಿ ಮಾಡುವ ಕೇಡಿನಲ್ಲಿ ಬಹುಪಾಲು ಮೊದಲ ಮೂರು ನಾಲ್ಕು ಸಲದಲ್ಲೇ ಆಗಿಹೋಗಿರುತ್ತದೆ. ಹಾಗಾಗಿ ಪ್ರತಿ ಸಲ ಹೊಸ ದಾರಿ ಹಿಡಿಯುವ ಗಾಡಿ ಕಾಡಿಡೀ ಕಣ ಮಾಡುತ್ತದೆ. ಒಂದೇ ದಾರಿಯಲ್ಲಿ ನೂರು ಸಲ ಹೋಗುವ ಗಾಡಿ ಆ ದಾರಿಯನ್ನಷ್ಟೇ ಕೆಡಿಸುತ್ತದೆ. ನಮ್ಮ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಬಂದವು, ಅವುಗಳ ಉದ್ದುದ್ದ ರೆಕ್ಕೆ ಸಾಗಿಸಲು ರಸ್ತೆಗಳು ಬಂದವು. ಭೀಮಸಮುದ್ರದ ಸೀಮೆಯಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ, ಅದಿರು ತುಂಬಿದ ಲಾರಿಗಳ ದಾರಿಗಳಿವೆ, ಗಣಿಯ ಮಣ್ಣು ಸುರಿದು ಮಾಡಿದ ದಿಬ್ಬಗಳಿವೆ. ಇಂಥ ಕಡೆ ಮತ್ತೆ ಹಸಿರು ಬೆಳೆಸುವಾಗ ಸಸಿ ಎಷ್ಟು ತಂದೆವು ಎಂಬುದರ ಜೊತೆಗೆ ನೆಲ ಎಷ್ಟು ಸಡಿಲಾಯಿತು ಎಂಬುದನ್ನೂ ಕೇಳಬೇಕು.

ಮೂರನೆಯದು ಮಳೆಹನಿ. ಹನಿ ಏನು ಮಾಡೀತು ಎನ್ನಬಹುದು. ತರಗೆಲೆ ಇಲ್ಲದ, ಹುಲ್ಲಿಲ್ಲದ ಬತ್ತಲೆ ಕೆಂಪು ಮಣ್ಣಿನ ಮೇಲೆ ಜೋರು ಮಳೆ ಬಿದ್ದಾಗ ಪ್ರತಿ ಹನಿಯೂ ಪುಟ್ಟ ಸುತ್ತಿಗೆಯಾಗುತ್ತದೆ. ಮಣ್ಣಿನ ಹರಳು ಒಡೆದು ನುಣ್ಣನೆಯ ಪುಡಿ ತೂತುಗಳಲ್ಲಿ ಕೂರುತ್ತದೆ. ಬಿಸಿಲು ಬಂದ ಮೇಲೆ ಮೇಲ್ಮೈಯಲ್ಲಿ ಹಪ್ಪಳದಂತೆ ಪದರ ಕಟ್ಟುತ್ತದೆ. ಬೇಸಿಗೆಯಲ್ಲಿ ಹೊಸ ಹುಲ್ಲು ಬರಲಿ ಎಂದು ಗುಡ್ಡಕ್ಕೆ ಬೆಂಕಿ ಇಡುವವರು ಈ ಸುತ್ತಿಗೆ ಏಟಿಗೆ ಮಣ್ಣನ್ನು ಒಡ್ಡಿಕೊಡುತ್ತಾರೆ. ಸುಟ್ಟದ್ದು ತರಗೆಲೆ ಮಾತ್ರವಲ್ಲ, ಮಣ್ಣಿನ ಹೊದಿಕೆ.

ನೆಲ ಬಿಗಿಯುವುದರ ಪರಿಣಾಮ ಮರದಲ್ಲಿ ನಿಲ್ಲುವುದಿಲ್ಲ. ಬಯಲುಸೀಮೆಯವರಾದ ನಮಗೆ ಕೆರೆ ಏರಿಯ ಬೆಲೆ ಗೊತ್ತು. ಭೀಮಸಮುದ್ರದ ಕೆರೆ, ಭರಮಸಾಗರದ ಕೆರೆ ನೋಡಿ. ಅವುಗಳ ಏರಿ ನೀರು ತಡೆಯುವುದು ಏಕೆ? ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಹೊಯ್ದು, ತುಳಿಸಿ ಬಿಗಿ ಮಾಡಿದ್ದರಿಂದ. ಆ ಬಿಗಿ ಏರಿಯಲ್ಲಿ ವರ. ಅದೇ ಬಿಗಿ ಗುಡ್ಡದಲ್ಲಿ ಶಾಪ. ಏರಿ ನೀರನ್ನು ಒಳಗೆ ಬಿಟ್ಟುಕೊಳ್ಳಬಾರದು, ಕಾಡು ಬಿಟ್ಟುಕೊಳ್ಳಲೇಬೇಕು. ಗುಡ್ಡವೇ ಏರಿಯಾದರೆ ಹಸ್ತ ಮಳೆಯ ನೀರು ಒಳಗಿಳಿಯದೆ ಕೆಂಪಾಗಿ ಹರಿದು ಹಳ್ಳ ಸೇರುತ್ತದೆ. ಹೊಸದುರ್ಗದ ಸೀಮೆಯಲ್ಲಿ ಹಾಗೆ ಹರಿದದ್ದು ವೇದಾವತಿಗೆ, ಅಲ್ಲಿಂದ ಮಾರಿಕಣಿವೆಗೆ. ಅಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳುವುದನ್ನು ನೋಡಲು ಹಿರಿಯೂರಿನ ಜನ 2022ರವರೆಗೆ ಕಾಯಬೇಕಾಯಿತು. ಅಷ್ಟು ಕಾದು ಪಡೆದ ನೀರಿನ ಜಾಗವನ್ನು ಗುಡ್ಡದ ಹೂಳು ತಿನ್ನಬಾರದು. ಗುಡ್ಡದ ಮಣ್ಣು ಸಡಿಲವಾಗಿದ್ದರೆ ನೀರು ಮೊದಲು ಬೇರಿಗೆ, ಆಮೇಲೆ ಅಂತರ್ಜಲಕ್ಕೆ, ಉಳಿದದ್ದು ತಿಳಿಯಾಗಿ ಹಳ್ಳಕ್ಕೆ. ನಮ್ಮ ಕೊಳವೆಬಾವಿಗಳ ಪಾಡು ಗುಡ್ಡದ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಬರೆದಿರುತ್ತದೆ.

ನಮ್ಮ ಮರಗಳಲ್ಲಿ ಕೆಲವು ಗಟ್ಟಿ ನೆಲವನ್ನು ಗೆಲ್ಲಬಲ್ಲವು. ಕಮರವನ್ನೇ ನೋಡಿ. ಬೀಜ ಮೊಳೆತ ಮೊದಲ ದಿನಗಳಲ್ಲಿ ಮೇಲೆ ನಾಲ್ಕು ಎಲೆಯಷ್ಟೇ ಕಾಣುತ್ತದೆ. ಕೆಳಗೆ ಅದರ ತಾಯಿಬೇರು ಮೇಲಿನ ಗಿಡದ ಎಷ್ಟೋ ಪಟ್ಟು ಇಳಿದಿರುತ್ತದೆ. ಕಲ್ಲಿನ ಬಿರುಕು ಸಿಕ್ಕರೆ ಅದರಲ್ಲೇ ನುಗ್ಗುತ್ತದೆ. ಆದರೆ ಇಂಥ ಮರವನ್ನು ಪಾಲಿಥೀನ್ ಚೀಲದಲ್ಲಿ ತಿಂಗಳುಗಟ್ಟಲೆ ಬೆಳೆಸಿದರೆ ಆ ತಾಯಿಬೇರು ಚೀಲದಲ್ಲೇ ಸಿಂಬೆ ಸುತ್ತುತ್ತದೆ. ಸುತ್ತಿದ ಬೇರನ್ನು ತಂದು ಬಿಗಿದ ಗುಣಿಯಲ್ಲಿಟ್ಟರೆ ಅದು ಎರಡನೆಯ ಸಲ ಸೆರೆಯಾಯಿತು. ಕಮರದಂಥ ಮರಕ್ಕೆ ಸಡಿಲಿಸಿದ ನೆಲದಲ್ಲಿ ಬೀಜವನ್ನೇ ಊರುವುದು ಮೇಲು. ಮುತ್ತುಗ, ಬೇವು, ತುಗ್ಗಲಿಗೂ ಬೀಜ ಊರಿ ನೋಡಬಹುದು.

ಬಿಗಿದ ನೆಲದ ಮರವನ್ನು ಗುರುತಿಸುವುದೂ ಕಷ್ಟವಲ್ಲ. ವರ್ಷ ವರ್ಷಕ್ಕೂ ತುದಿಯಿಂದ ಒಣಗುತ್ತ ಬರುತ್ತದೆ. ಎಲೆ ಸಣ್ಣದಾಗುತ್ತದೆ, ಬೇಗ ಉದುರುತ್ತದೆ. ಗಾಳಿ ಜೋರಾಗಿ ಬೀಸಿದರೆ ಮುರಿಯುವುದಿಲ್ಲ, ಬುಡಸಮೇತ ಮಗುಚುತ್ತದೆ. ಮಗುಚಿದ ಮರದ ಬೇರು ನೋಡಿದರೆ ತಟ್ಟೆಯಂತೆ ಚಪ್ಪಟೆಯಾಗಿರುತ್ತದೆ. ಆಳಕ್ಕೆ ಇಳಿಯಲಾಗದ ಬೇರಿನ ಆಕಾರವದು.

ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ಎಲ್ಲ ಮಣ್ಣಿಗೂ ಒಂದೇ ನಿಯಮವಿಲ್ಲ. ಅಮೆರಿಕ ಮತ್ತು ಕೆನಡಾ ದೇಶಗಳ ಕಾಡುಗಳಲ್ಲಿ 1989ರ ಸುಮಾರಿಗೆ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ನೂರಕ್ಕೂ ಹೆಚ್ಚು ಕಡೆ ಬೇಕೆಂದೇ ನೆಲವನ್ನು ಬಿಗಿ ಮಾಡಿ, ತರಗೆಲೆ ತೆಗೆದು, ಪಕ್ಕದಲ್ಲೇ ಮುಟ್ಟದ ನೆಲವನ್ನೂ ಇಟ್ಟುಕೊಂಡು, ಮರಗಳ ಬೆಳವಣಿಗೆಯನ್ನು ದಶಕಗಳ ಕಾಲ ಅಳೆಯುತ್ತ ಬಂದಿದ್ದಾರೆ. ಮೊದಲ ಹತ್ತು ವರ್ಷದಲ್ಲಿ ಕಂಡದ್ದೇನು? ಜೇಡಿಮಣ್ಣಿನಲ್ಲಿ ಬಿಗಿತ ಮರವನ್ನು ಕುಗ್ಗಿಸಿತು. ತೀರಾ ಮರಳಾದ ಮಣ್ಣಿನಲ್ಲಿ ಅಷ್ಟಿಷ್ಟು ಬಿಗಿತದಿಂದ ನೀರು ಹಿಡಿಯುವ ಗುಣ ಹೆಚ್ಚಿ ಮರ ಚೆನ್ನಾಗಿಯೇ ಬೆಳೆಯಿತು. ನಮ್ಮ ಹಿರಿಯೂರಿನ ಎರೆಮಣ್ಣು, ಹೊಸದುರ್ಗದ ಕೆಂಪು ಮಸಾರಿ, ಗುಡ್ಡದ ಗರಸು ಮೂರೂ ಬೇರೆ ಬೇರೆ. ಎರೆನೆಲ ಬೇಸಿಗೆಯಲ್ಲಿ ಬಿರಿದು ತಾನೇ ಒಂದಿಷ್ಟು ಸಡಿಲಾಗುತ್ತದೆ. ಒದ್ದೆಯಿದ್ದಾಗ ತುಳಿದರೆ ಮಾತ್ರ ಅದರಷ್ಟು ಬೇಗ ಕೆಡುವ ನೆಲ ಇನ್ನೊಂದಿಲ್ಲ. ಕೆಂಪು ಮಣ್ಣು ಹಾಗೆ ಬಿರಿಯುವುದಿಲ್ಲ. ಒಮ್ಮೆ ಬಿಗಿದರೆ ಬಿಗಿದಂತೆಯೇ ಇರುತ್ತದೆ. ಆದ್ದರಿಂದ ನೆಲದ ಗುಣ ತಿಳಿದೇ ಕೆಲಸಕ್ಕೆ ಕೈ ಹಾಕಬೇಕು.

ಪರಿಹಾರವೇನು? ಮೊದಲ ಪರಿಹಾರ ಕೆಡಿಸದಿರುವುದು. ಮಳೆ ಬಿದ್ದು ನೆಲ ಹಸಿಯಾಗಿರುವಾಗ ನೆಡುತೋಪಿನೊಳಗೆ ಗಾಡಿ ಬಿಡಬಾರದು. ಸೌದೆ ಸಾಗಿಸುವುದಿರಲಿ, ನೀರಿನ ಟ್ಯಾಂಕರ್ ಇರಲಿ, ಸಸಿ ತರುವ ಟ್ರ್ಯಾಕ್ಟರ್ ಇರಲಿ, ಒಂದು ದಾರಿ ಗೊತ್ತು ಮಾಡಿ ಕಲ್ಲು ನೆಟ್ಟು ಅದರಲ್ಲೇ ಹೋಗಬೇಕು. ಜರ್ಮನಿಯ ಕಾಡುಗಳಲ್ಲಿ ಮರ ಕಡಿಯುವ ಯಂತ್ರಗಳಿಗೆ ಹೀಗೆ ಗೊತ್ತುಮಾಡಿದ ದಾರಿಗಳಿವೆ, ಅವನ್ನು ಬಿಟ್ಟು ಗಾಲಿ ಇಳಿಯುವಂತಿಲ್ಲ. ಈ ಶಿಸ್ತಿಗೆ ದುಡ್ಡು ಬೇಕಿಲ್ಲ, ಮನಸ್ಸು ಬೇಕು.

ಮೇವಿನ ವಿಷಯದಲ್ಲಿ ನಮಗೆ ಹೊರಗಿನವರ ಪಾಠ ಬೇಕಿಲ್ಲ. ಹಳೆಯ ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೆ ನಮ್ಮ ಜಿಲ್ಲೆಯಲ್ಲೂ ಕಾವಲುಗಳಿದ್ದವು. ಆ ಕಾವಲುಗಳಲ್ಲಿ ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂಬ ವಿಂಗಡಣೆ ಇತ್ತು. ಹಿಂಡು ಒಂದು ಕಡೆ ಮೇಯುವಾಗ ಇನ್ನೊಂದು ಕಡೆಯ ಹುಲ್ಲು ಮತ್ತು ನೆಲ ಎರಡೂ ಸುಧಾರಿಸಿಕೊಳ್ಳುತ್ತಿದ್ದವು. ಅದೇ ಬುದ್ಧಿಯನ್ನು ಇಂದಿನ ಗೋಮಾಳಕ್ಕೂ ಗುಡ್ಡಕ್ಕೂ ತರಬಹುದು. ಗುಡ್ಡವನ್ನು ನಾಲ್ಕು ಪಾಲು ಮಾಡಿ ಸರದಿಯ ಮೇಲೆ ಮೇಯಿಸುವುದು, ಜೋರು ಮಳೆ ಬಿದ್ದ ನಾಲ್ಕು ದಿನ ಹಿಂಡನ್ನು ಗಟ್ಟಿದಾರಿಗಳಲ್ಲಿ, ಹೊಲದ ಬದುಗಳಲ್ಲಿ ಮೇಯಿಸುವುದು, ಹೊಸ ನೆಡುತೋಪಿಗೆ ಕೆಲವು ವರ್ಷ ರಜೆ ಕೊಡುವುದು; ಇವನ್ನು ಇಲಾಖೆಯ ಬೇಲಿ ಮಾಡಲಾರದು, ಊರಿನ ಒಪ್ಪಂದ ಮಾಡಬಲ್ಲದು. ಕರ್ನಾಟಕದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳಿಗೆ ಅವಕಾಶವಿದೆ. ಆ ಸಮಿತಿಗಳು ಕೂತು ಮಾತಾಡಬೇಕಾದ ವಿಷಯಗಳಲ್ಲಿ ನೆಲದ ತುಳಿತವೂ ಒಂದು. ಆ ಸಭೆಗೆ ಕುರಿಗಾಹಿಗಳನ್ನು ಮೊದಲು ಕರೆಯಬೇಕು. ನನ್ನ ಕಣ್ಣು ತೆರೆಸಿದವನು ಕೋಲು ಹಿಡಿದ ಅಂಥ ಒಬ್ಬ ಅಜ್ಜನೇ.

ಈಗಾಗಲೇ ಬಿಗಿದ ನೆಲವನ್ನು ಏನು ಮಾಡಬೇಕು? ಇಳಿಜಾರು ಕಡಿಮೆಯಿರುವ ಕಡೆ ಬೇಸಿಗೆಯಲ್ಲಿ, ನೆಲ ಪೂರ್ತಿ ಒಣಗಿರುವಾಗ, ಟ್ರ್ಯಾಕ್ಟರಿಗೆ ಕೊಕ್ಕೆಯಂಥ ಉದ್ದ ಹಲ್ಲು ಕಟ್ಟಿ ಒಂದೂವರೆಯಿಂದ ಎರಡು ಅಡಿ ಆಳಕ್ಕೆ ಸೀಳಬೇಕು. ಸೀಳುವುದು ಇಳಿಜಾರಿಗೆ ಅಡ್ಡಲಾಗಿ ಇರಬೇಕು, ಉದ್ದಕ್ಕೆ ಸೀಳಿದರೆ ಅದೇ ಹಳ್ಳವಾಗುತ್ತದೆ. ಒಣಗಿದ ನೆಲ ಹೆಂಟೆ ಹೆಂಟೆಯಾಗಿ ಒಡೆಯುತ್ತದೆ. ಒದ್ದೆ ನೆಲ ಒಡೆಯುವುದಿಲ್ಲ, ಬೆಣ್ಣೆಯಂತೆ ಕೊರೆದು ಮತ್ತೆ ಕೂಡಿಕೊಳ್ಳುತ್ತದೆ. ಗುಡ್ಡದಲ್ಲಿ ಯಂತ್ರ ಬೇಡ. ಸಮಪಾತಳಿಯ ಅಗಳು ತೋಡಿ, ತೋಡಿದ ಮಣ್ಣಿನ ಮಗ್ಗುಲಲ್ಲಿ ಸಸಿ ನೆಟ್ಟರೆ ಬೇರಿಗೆ ಸಡಿಲ ಮಣ್ಣೂ ಸಿಗುತ್ತದೆ, ನಿಂತ ನೀರೂ ಸಿಗುತ್ತದೆ.

ಗುಣಿ ತೋಡುವವರಿಗೆ ಒಂದು ಮಾತು. ಒಂದೂವರೆ ಅಡಿ ಉದ್ದಗಲ ಆಳದ ಗುಣಿ ತೋಡಿದ ಮೇಲೆ ಕೆಲಸ ಮುಗಿಯಿತೆಂದು ಗುದ್ದಲಿ ಎತ್ತಿ ಇಡಬೇಡಿ. ಗುಣಿಯ ಗೋಡೆಗಳನ್ನು ಪಿಕಾಸಿಯಿಂದ ಕೆದಕಿ ಒರಟು ಮಾಡಿ. ತಳಕ್ಕೆ ಹಾರೆ ಹಾಕಿ ನಾಲ್ಕಾರು ಕಡೆ ಒಂದು ಅಡಿ ಆಳಕ್ಕೆ ತೂತು ಮಾಡಿ. ಆ ತೂತುಗಳಿಗೆ ಮೇಲ್ಮಣ್ಣು ತುಂಬಿ. ಬೇರಿಗೆ ಅದೇ ಬಾಗಿಲು. ಸಸಿಯ ಚೀಲ ಬಿಚ್ಚಿದಾಗ ಸುತ್ತಿದ ಬೇರು ಕಂಡರೆ ಮೆಲ್ಲಗೆ ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ನೆಟ್ಟ ಮೇಲೆ ಬುಡವನ್ನು ಕಾಲಿನಿಂದ ಒದ್ದು ಒದ್ದು ತುಳಿಯಬೇಡಿ, ಕೈಯಿಂದ ಒತ್ತಿದರೆ ಸಾಕು.

ಕೊನೆಗೆ ನೆಲವನ್ನು ಉಳುವ ಜೀವಗಳಿಗೆ ಕೆಲಸ ಕೊಡಬೇಕು. ನಮ್ಮ ಒಣಸೀಮೆಯಲ್ಲಿ ಎರೆಹುಳುವಿಗಿಂತ ಹೆಚ್ಚು ಉಳುಮೆ ಮಾಡುವುದು ಗೆದ್ದಲು. ಗೆದ್ದಲೆಂದರೆ ನಾವು ಬೆಚ್ಚುತ್ತೇವೆ. ಆದರೆ ಅದು ಕೊರೆದ ಸುರಂಗಗಳೇ ಗರಸು ನೆಲದಲ್ಲಿ ನೀರಿಗೂ ಬೇರಿಗೂ ದಾರಿ. ಸತ್ತ ಹಳೆಯ ಬೇರು ಕೊಳೆತು ಬಿಟ್ಟ ಕೊಳವೆಯೂ ಅಷ್ಟೇ. ಹೊಸ ಬೇರು ಆ ದಾರಿಯನ್ನೇ ಹಿಡಿದು ಆಳಕ್ಕೆ ಇಳಿಯುತ್ತದೆ. ಇದಕ್ಕೆಲ್ಲ ಬೇಕಾದದ್ದು ಒಂದೇ, ತರಗೆಲೆಯ ಹೊದಿಕೆ. ಕಾಡಿನ ತರಗನ್ನು ಪೂರ್ತಿ ಗುಡಿಸಿ ತರಬೇಡಿ. ಬೆಂಕಿ ಇಡಬೇಡಿ. ಕಾರೆ, ಬಂದರೆಯ ಪೊದೆಗಳನ್ನು ಕಳೆ ಎಂದು ಸವರಿ ಬಿಸಾಡಬೇಡಿ. ನಾನು ನೆಡಿಸಿದ ಇಳಿಜಾರಿನ ಮೇಲರ್ಧದ ಗಿಡಗಳನ್ನು ಬದುಕಿಸಿದ್ದು ನಮ್ಮ ಗುಣಿಯಲ್ಲ. ಮೊದಲಿನಿಂದ ಅಲ್ಲಿದ್ದ ಆ ಪೊದೆಗಳು, ಅವುಗಳ ಹಳೆಯ ಬೇರಿನ ದಾರಿಗಳು.

ಕೇಳುಗರೇ, 1950ರಲ್ಲಿ ಆರಂಭವಾದ ವನಮಹೋತ್ಸವವನ್ನು ನಾವು ಪ್ರತಿ ಜುಲೈನಲ್ಲಿ ಆಚರಿಸುತ್ತ ಬಂದಿದ್ದೇವೆ. ನೆಟ್ಟ ಸಸಿಗಳನ್ನು ಎಣಿಸಿದ್ದೇವೆ. ಬದುಕಿದ ಗಿಡಗಳನ್ನೂ ಕೆಲವೊಮ್ಮೆ ಎಣಿಸಿದ್ದೇವೆ. ನೆಲವನ್ನು ಮುಟ್ಟಿ ನೋಡಿದ್ದು ಕಡಿಮೆ. ಈ ಸಲ ಮೃಗಶಿರ ಮಳೆ ಬಿದ್ದ ಮರುದಿನ, ಸಸಿ ಹಿಡಿಯುವ ಮುಂಚೆ, ಚೂಪು ಮಾಡಿದ ಒಂದು ಕಬ್ಬಿಣದ ಸರಳು ಹಿಡಿದು ಹೊರಡಿ. ನೆಡಬೇಕೆಂದಿರುವ ಜಾಗದಲ್ಲಿ ಹತ್ತು ಕಡೆ ಕೈಯ ಬಲದಿಂದ ಊರಿ ನೋಡಿ. ಒಂದು ಅಡಿ ಇಳಿದರೆ ಅಲ್ಲಿ ನೆಡಿ. ನಾಲ್ಕು ಬೆರಳಿಗೇ ನಿಂತರೆ ಈ ವರ್ಷ ಸಸಿಯ ಖರ್ಚು ಉಳಿಸಿ ನೆಲ ಸಡಿಲಿಸಿ, ತರಗು ಹರಡಿ, ತುಳಿತ ನಿಲ್ಲಿಸಿ. ಮುಂದಿನ ವರ್ಷ ನೆಡಿ. ಶಾಲೆಯ ಮಕ್ಕಳಿಗೂ ಈ ಪರೀಕ್ಷೆ ಮಾಡಿಸಿ. ಪುಸ್ತಕದಲ್ಲಿ ಓದಿದ ಬೇರು ಅವರಿಗೆ ಕೈಗೆ ಸಿಗುತ್ತದೆ.

ಕಣ ಹೊಲದ ಮೂಲೆಯಲ್ಲಿರಲಿ, ಬಿಗಿ ಕೆರೆಯ ಏರಿಯಲ್ಲಿರಲಿ. ಕಾಡಿನ ನೆಲವನ್ನು ಬೇರಿಗೆ ಬಿಟ್ಟುಕೊಡೋಣ.